ಅರ್ಧ ಮಿದುಳಿನ ನಿದ್ದೆ

ನಿದ್ದೆಯಲ್ಲಿ ಇಡೀ ಮಿದುಳು ಒಟ್ಟಿಗೆ ವಿಶ್ರಮಿಸುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ, ನೀರಿನಲ್ಲಿ ಬಾಳುತ್ತಲೇ ಗಾಳಿಯನ್ನು ಉಸಿರಾಡಬೇಕಾದ ಡಾಲ್ಫಿನ್‌ಗಳಿಗೆ ಅನ್ವಯಿಸುವುದಿಲ್ಲ. ಉಸಿರಿಗಾಗಿ ಆಗಾಗ ನೀರಿನ ಮೇಲ್ಮೈಗೆ ಬರಲೇಬೇಕಾದ ಈ ಸಸ್ತನಿಗಳಲ್ಲಿ ಮಿದುಳಿನ ಒಂದು ಅರ್ಧಗೋಳ ಗಾಢ ನಿದ್ರೆಯಲ್ಲಿರುವಾಗ ಇನ್ನೊಂದು ಎಚ್ಚರವಾಗಿದ್ದು, ಕೆಲಕಾಲದ ನಂತರ ಸರದಿ ಬದಲಾಗುತ್ತದೆ. ಇದಕ್ಕೆ ಅರ್ಧಗೋಳ ನಿದ್ರೆ ಎನ್ನಬಹುದು. ಆಗ ಸಾಮಾನ್ಯವಾಗಿ ನಿದ್ರಿಸುತ್ತಿರುವ ಭಾಗದ ಎದುರು ಬದಿಯ ಕಣ್ಣು ಮುಚ್ಚಿದ್ದು, ಇನ್ನೊಂದು ತೆರೆದಿರುತ್ತದೆ.

ಹಕ್ಕಿಗಳಲ್ಲಿಯೂ ಈ ಸಾಮರ್ಥ್ಯವಿದೆ. ಸಾಲಾಗಿ ಮಲಗುವ ಬಾತುಗಳಲ್ಲಿ ನಡುವಿನವು ಹೆಚ್ಚಾಗಿ ಎರಡೂ ಕಣ್ಣು ಮುಚ್ಚಿ ನಿದ್ರಿಸಿದರೆ, ತುದಿಯಲ್ಲಿರುವವು ಬೇಟೆಗಾರ ಪ್ರಾಣಿಗಳ ಸುಳಿವು ಹಿಡಿಯಲು ಗುಂಪಿನ ಹೊರಬದಿಯ ಕಣ್ಣನ್ನು ತೆರೆದಿಡುತ್ತವೆಂದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಇನ್ನೂ ವಿಸ್ಮಯಕಾರಿಯಾದುದು ಫ್ರಿಗೇಟ್ ಎಂಬ ಕಡಲಹಕ್ಕಿಯ ನಿದ್ದೆ. ವಿಜ್ಞಾನಿ ನೀಲ್ಸ್ ರಾಟನ್‌ಬೋರ್ಗ್ ಮತ್ತು ಸಂಗಡಿಗರು ಗ್ಯಾಲಪಗೋಸ್ ದ್ವೀಪಗಳ ಈ ಹಕ್ಕಿಗಳ ತಲೆಗೆ ಮಿದುಳಿನ ವಿದ್ಯುತ್ ತರಂಗಗಳನ್ನು ದಾಖಲಿಸುವ ಪುಟ್ಟ ಉಪಕರಣಗಳನ್ನು ಅಳವಡಿಸಿ, 2016ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಅವು ಮೇಲೇರುವ ಗಾಳಿಯಲ್ಲಿ ಸುತ್ತುತ್ತಾ, ತಿರುಗುವ ದಿಕ್ಕಿನ ಕಣ್ಣನ್ನು ತೆರೆದಿಟ್ಟುಕೊಂಡು ಅರ್ಧ ಮಿದುಳಿನಿಂದಲೂ, ಕೆಲವೊಮ್ಮೆ ಇಡೀ ಮಿದುಳಿನಿಂದಲೂ ನಿದ್ರಿಸುತ್ತವೆ. ಆದರೆ ಹಾರಾಟದ ವೇಳೆ ದಿನಕ್ಕೆ ಸರಾಸರಿ 42 ನಿಮಿಷವಷ್ಟೇ ಇರುವ ಈ ನಿದ್ದೆ ನೆಲಕ್ಕಿಳಿದಾಗ 12 ಗಂಟೆಗಳನ್ನೂ ಮೀರುವುದರಿಂದ, ನಿದ್ದೆಯ ಪ್ರಮಾಣವನ್ನು ಪರಿಸ್ಥಿತಿಗೆ ತಕ್ಕಂತೆ ಹಿಗ್ಗಿಸುವ, ಕುಗ್ಗಿಸುವ ಶಕ್ತಿ ಕೆಲವು ಜೀವಿಗಳಿಗಿದ್ದರೂ, ಅದನ್ನು ಪೂರ್ತಿಯಾಗಿ ತೊರೆಯುವುದು ಅವುಗಳಿಗೂ ಸಾಧ್ಯವಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.