ವಿಳಾಸ ಗೊತ್ತಿಲ್ಲದವರಿಗೆ ನೋಟಿಸು

2024ರ ಮೇ ತಿಂಗಳಲ್ಲಿ ಆನ್ಸಿಬಲ್-ಕೋರ್ 2.17 ಬಿಡುಗಡೆಯಾಯಿತು. ಎಂದಿನಂತೆ ಅಪ್‌ಗ್ರೇಡ್ ಮಾಡಿಕೊಂಡ ಸಿಸ್ಟಂ ಅಡ್ಮಿನ್‌ಗಳಲ್ಲಿ ಕೆಲವರಿಗೆ ತಲೆಬಿಸಿ ಶುರುವಾಯಿತು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ಇರುವ ಸರ್ವರುಗಳು ಮಾತ್ರ ಕೈಕೊಡತೊಡಗಿದವು. ಪರದೆಯ ಮೇಲೆ ಮೂಡಿದ ಸಂದೇಶ: ‘ಫ್ಯೂಚರ್ ಫೀಚರ್ ಅನೊಟೇಶನ್ಸ್ ಈಸ್ ನಾಟ್ ಡಿಫೈನ್ಡ್’. ಆ ಸರ್ವರುಗಳನ್ನು ಯಾರೂ ಮುಟ್ಟಿರಲಿಲ್ಲ. ಅವುಗಳಿಗಾಗಿ ಬರೆದಿಟ್ಟ ಸೂಚನೆಗಳ ಫೈಲಿನಲ್ಲೂ, ಅಂದರೆ ಪ್ಲೇಬುಕ್ಕಿನಲ್ಲೂ, ಒಂದಕ್ಷರ ತಿದ್ದಿರಲಿಲ್ಲ. ಬದಲಾಗಿದ್ದು ಅವನ್ನು ನೋಡಿಕೊಳ್ಳುವ ತಂತ್ರಾಂಶ ಮಾತ್ರ.

ಆನ್ಸಿಬಲ್ ‘ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್’ ಜಾತಿಗೆ ಸೇರಿದ ಓಪನ್ ಸೋರ್ಸ್ ತಂತ್ರಾಂಶ. ನಾಲ್ಕು ಸರ್ವರುಗಳಿದ್ದರೆ ಒಂದೊಂದಕ್ಕೂ ಲಾಗಿನ್ ಆಗಿ ಕೆಲಸ ಮುಗಿಸಬಹುದು. ನಾಲ್ಕು ಸಾವಿರವಿದ್ದರೆ ಅದು ಆಗದ ಮಾತು. ಈ ಸಮಸ್ಯೆಗೆ ಉತ್ತರವಾಗಿ 1993ರಲ್ಲಿ ಓಸ್ಲೊ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಬರ್ಜೆಸ್ ಸಿಎಫ್‌ಎಂಜಿನ್ ರೂಪಿಸಿದರು. 2005ರಲ್ಲಿ ಲೂಕ್ ಕೇನೀಸ್ ಅವರ ಪಪೆಟ್, 2009ರಲ್ಲಿ ಶೆಫ್, 2012ರಲ್ಲಿ ಮೈಕೆಲ್ ಡಿಹಾನ್ ಅವರ ಆನ್ಸಿಬಲ್ ಬಂದವು. ಎಲ್ಲದರ ತಿರುಳೂ ಒಂದೇ: ‘ಇದನ್ನು ಮಾಡು’ ಎಂದು ಆಜ್ಞೆ ಕೊಡುವ ಬದಲು ‘ಹೀಗಿರಬೇಕು’ ಎಂದು ಬರೆದಿಡುವುದು. ಮನೆಯ ಓವರ್‌ಹೆಡ್ ಟ್ಯಾಂಕಿಗೆ ಕೂರಿಸಿದ ಆಟೊಮ್ಯಾಟಿಕ್ ಸ್ವಿಚ್ಚಿನ ಹಾಗೆ, ನೀರು ಕಡಿಮೆಯಿದ್ದರೆ ಮೋಟಾರು ಓಡುತ್ತದೆ, ತುಂಬಿದ್ದರೆ ಸುಮ್ಮನಿರುತ್ತದೆ. ಒಂದೇ ಪ್ಲೇಬುಕ್ಕನ್ನು ಹತ್ತು ಸಲ ಓಡಿಸಿದರೂ, ಎಲ್ಲ ಸರಿಯಿದ್ದರೆ, ಹತ್ತು ಸಲವೂ ಹಸಿರು ಅಕ್ಷರದಲ್ಲಿ ‘ಓಕೆ’ ಎಂದಷ್ಟೇ ಬರಬೇಕು.

ಆನ್ಸಿಬಲ್ಲಿನ ಇನ್ನೊಂದು ವಿಶೇಷವೆಂದರೆ, ಅದು ದೂರದ ಸರ್ವರಿನಲ್ಲಿ ಕಾಯಂ ಆಗಿ ಏನನ್ನೂ ಕೂರಿಸುವುದಿಲ್ಲ. ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು, ‘ಮಾಡ್ಯೂಲ್’ ಎಂಬ ಪುಟ್ಟ ಪೈಥಾನ್ ಪ್ರೋಗ್ರಾಮನ್ನು ಕಳಿಸಿ, ಅಲ್ಲಿರುವ ಪೈಥಾನಿನಿಂದಲೇ ಅದನ್ನು ಓಡಿಸಿ, ಫಲಿತಾಂಶ ಪಡೆದು, ಕಳಿಸಿದ್ದನ್ನು ಅಳಿಸಿ ಹೊರಬರುತ್ತದೆ. ಹಾಗಾಗಿ ಅಲ್ಲಿನ ಪೈಥಾನ್ ಎಷ್ಟು ಹಳೆಯದು ಎಂಬುದು ಮುಖ್ಯವಾಗುತ್ತದೆ. 2.17ರ ಮಾಡ್ಯೂಲುಗಳಿಗೆ ಕನಿಷ್ಠ ಪೈಥಾನ್ 3.7 ಬೇಕು, ರೆಡ್ ಹ್ಯಾಟ್ 8ರ ವ್ಯವಸ್ಥೆಯೊಳಗೆ ಇರುವುದು 3.6. ಅದೇ ಸರ್ವರಿನಲ್ಲಿ ಹೊಸ ಪೈಥಾನನ್ನು ಪಕ್ಕದಲ್ಲಿ ಹಾಕಿಕೊಳ್ಳಬಹುದಾದರೂ ಪ್ಯಾಕೇಜು ಇನ್‌ಸ್ಟಾಲ್ ಮಾಡುವ ‘ಡಿಎನ್ಎಫ್’ ಲೈಬ್ರರಿ 3.6ಕ್ಕೇ ಅಂಟಿಕೊಂಡಿದೆ. ಹೊಸ ಪೈಥಾನಿಗೆ ಅದು ಕಾಣುವುದೇ ಇಲ್ಲ.

ತಪ್ಪು ಯಾರದು? ಪೈಥಾನ್ 3.6ರ ನಿರ್ವಹಣೆಯನ್ನು ಅದರ ತಂಡ 2021ರ ಡಿಸೆಂಬರಿನಲ್ಲೇ ನಿಲ್ಲಿಸಿತ್ತು. ಆದರೆ ರೆಡ್ ಹ್ಯಾಟ್ 8ಕ್ಕೆ 2029ರ ಮೇ ತಿಂಗಳವರೆಗೂ ಕಂಪನಿಯ ಬೆಂಬಲವಿದೆ. ಆನ್ಸಿಬಲ್-ಕೋರ್ ಆದರೋ ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರ್ ಸುಮಾರಿಗೆ, ಹೊಸ ಆವೃತ್ತಿ ತರುತ್ತದೆ. ಆನ್ಸಿಬಲ್ಲನ್ನು 2015ರಲ್ಲಿ ಕೊಂಡದ್ದೂ ಇದೇ ರೆಡ್ ಹ್ಯಾಟ್! ಒಂದೇ ಮನೆಯ ಎರಡು ಕ್ಯಾಲೆಂಡರುಗಳು ತಾಳೆಯಾಗಲಿಲ್ಲ, ಅಷ್ಟೆ. ಸತ್ತ ಪೈಥಾನನ್ನು ಹೊತ್ತು ತಿರುಗಿದಷ್ಟೂ ಕೋಡ್ ಬರೆಯುವವರ ಕೈ ಕಟ್ಟಿದಂತೆ. ಕೆಳಗಿಳಿಸಿದರೆ ಯಾರದೋ ಸರ್ವರು ನಿಲ್ಲುತ್ತದೆ. ಹೊಸ ಸೌಲಭ್ಯ ಸೇರಿಸುವುದಕ್ಕೆ ಯಾರ ತಕರಾರೂ ಇರುವುದಿಲ್ಲ. ಬಿಡುಗಡೆ ನಿರ್ವಹಿಸುವವರ ನಿದ್ದೆ ಕೆಡಿಸುವುದು ಹಳೆಯದನ್ನು ತೆಗೆಯುವ ಕೆಲಸ.

ಓಪನ್ ಸೋರ್ಸಿನಲ್ಲಿ ಇದು ಇನ್ನೂ ಕಷ್ಟ. ಕಾರು ಮಾರಿದ ಕಂಪನಿಯ ಬಳಿ ಗಿರಾಕಿಗಳ ಪಟ್ಟಿಯಾದರೂ ಇರುತ್ತದೆ. ಇಲ್ಲಿ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು, ಹೆಸರು ಹೇಳಬೇಕಾಗಿಲ್ಲ. ಯಾವ ಬ್ಯಾಂಕಿನ, ಯಾವ ಕಾಲೇಜಿನ ಸರ್ವರ್ ಕೋಣೆಯಲ್ಲಿ ಯಾವ ಸಾಲು ಓಡುತ್ತಿದೆ ಎಂಬುದು ಬರೆದವರಿಗೇ ಗೊತ್ತಿಲ್ಲ. ವಿಳಾಸ ಗೊತ್ತಿಲ್ಲದ ಮೇಲೆ ನೋಟಿಸು ಕಳಿಸುವುದೆಲ್ಲಿಗೆ? ಅದಕ್ಕೆ ಅವರು ಕಂಡುಕೊಂಡ ದಾರಿ, ನೋಟಿಸನ್ನು ತಂತ್ರಾಂಶದೊಳಗೇ ಇಟ್ಟು ಕಳಿಸುವುದು.

ತೆಗೆದುಹಾಕಲಿರುವ ಸೌಲಭ್ಯವನ್ನು ಯಾರಾದರೂ ಬಳಸಿದರೆ ಆನ್ಸಿಬಲ್ ಕೆಲಸವನ್ನೇನೋ ಮಾಡಿಕೊಡುತ್ತದೆ. ಜೊತೆಗೇ ನೇರಳೆ ಬಣ್ಣದಲ್ಲಿ ‘ಡೆಪ್ರಿಕೇಷನ್ ವಾರ್ನಿಂಗ್’ ಎಂಬ ಸಾಲನ್ನೂ ಮುದ್ರಿಸುತ್ತದೆ: ಇದು ಇಂಥ ಆವೃತ್ತಿಯಲ್ಲಿ ಹೋಗಲಿದೆ, ಇದರ ಬದಲು ಇಂಥದ್ದನ್ನು ಬಳಸಿ. ಬಹುಕಾಲ ನಡೆದುಬಂದ ವಾಡಿಕೆಯಲ್ಲಿ ಈ ಗಡುವು ನಾಲ್ಕು ಬಿಡುಗಡೆಗಳದು, 2.9ರಲ್ಲಿ ಎಚ್ಚರಿಸಿದ್ದನ್ನು 2.13ರಲ್ಲಿ ತೆಗೆಯುವುದು. ಗಡುವಿನ ಅಂಕೆ ಕೋಡಿನಲ್ಲೇ ಇರುತ್ತದೆ. ಆ ಆವೃತ್ತಿಯ ಕೆಲಸ ಆರಂಭವಾದ ದಿನ ಯೋಜನೆಯ ಸ್ವಯಂಚಾಲಿತ ಪರೀಕ್ಷೆ ಅದನ್ನು ಹಿಡಿದು ‘ಫೇಲ್’ ಎನ್ನುತ್ತದೆ. ಒಂದೋ ಹಳೆಯ ಕೋಡ್ ತೆಗೆಯಬೇಕು, ಇಲ್ಲವೇ ಗಡುವನ್ನು ಎಲ್ಲರಿಗೂ ಕಾಣುವಂತೆ ಮುಂದೂಡಬೇಕು. ಮರೆತುಹೋಯಿತು ಎನ್ನುವುದಕ್ಕೆ ಅವಕಾಶವಿಲ್ಲ. ಒಂದು ಫೈಲಿನೊಳಗೆ ಇನ್ನೊಂದನ್ನು ಎಳೆದುಕೊಳ್ಳುವ ‘ಇನ್‌ಕ್ಲೂಡ್’ ಎಂಬ ಹಳೆಯ ಪದಕ್ಕೆ 2017ರ 2.4ರಲ್ಲಿ ನೋಟಿಸು ಸಿಕ್ಕಿತು. ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ, ಅದು ಜಾಗ ಖಾಲಿ ಮಾಡಿದ್ದು 2023ರ 2.16ರಲ್ಲಿ.

ಹೊಸ ಆವೃತ್ತಿಯ ಬದಲಾವಣೆಗಳ ಪಟ್ಟಿಯನ್ನೂ ಕೊನೆಯ ವಾರ ಕೂತು ನೆನಪಿಸಿಕೊಂಡು ಬರೆಯುವುದಿಲ್ಲ. ಪ್ರತಿ ತಿದ್ದುಪಡಿಯ ಜೊತೆಗೇ ಒಂದೆರಡು ಸಾಲಿನ ಪುಟ್ಟ ಫೈಲು ಬರಬೇಕು. ಅದಕ್ಕೆ ‘ಫ್ರಾಗ್ಮೆಂಟ್’ ಎನ್ನುತ್ತಾರೆ. ಇದು ದೋಷ ಪರಿಹಾರವೋ, ಭದ್ರತೆಯದೋ, ಹಳೆಯದನ್ನು ಮುರಿಯುವಂಥದ್ದೋ ಎಂದು ಬರೆದವರೇ ಅದರಲ್ಲಿ ವರ್ಗೀಕರಿಸಬೇಕು. ಮುಖ್ಯ ಶಾಖೆಯಿಂದ ‘ಸ್ಟೇಬಲ್’ ಶಾಖೆ ಕವಲೊಡೆದು, ಬೀಟಾ ಮತ್ತು ರಿಲೀಸ್ ಕ್ಯಾಂಡಿಡೇಟ್ ಹಂತಗಳನ್ನು ದಾಟುವಾಗ ಈ ಚೂರುಗಳನ್ನೆಲ್ಲ ಒಂದು ಸಲಕರಣೆ ಜೋಡಿಸಿ ಚೇಂಜ್‌ಲಾಗ್ ಮಾಡುತ್ತದೆ. ಅದರ ಜೊತೆ ‘ಪೋರ್ಟಿಂಗ್ ಗೈಡ್’ ಬರುತ್ತದೆ. ಹಳೆಯ ಪ್ಲೇಬುಕ್ಕಿನಲ್ಲಿ ಏನೇನು ತಿದ್ದಬೇಕು ಎಂಬುದರ ಕೈಪಿಡಿ ಅದು.

ಇಷ್ಟೆಲ್ಲ ಶಿಸ್ತಿದ್ದೂ ಎಡವಟ್ಟು ತಪ್ಪಿದ್ದಲ್ಲ. 2019ರ 2.9ರ ಹೊತ್ತಿಗೆ ಆನ್ಸಿಬಲ್ಲಿನ ಒಂದೇ ಭಂಡಾರದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಾಡ್ಯೂಲುಗಳು ಜಮೆಯಾಗಿದ್ದವು. ಯಾವುದೋ ರೂಟರಿನ ಮಾಡ್ಯೂಲಿಗೆ ಹೊಸ ಸೌಲಭ್ಯ ಬೇಕೆಂದರೂ ಇಡೀ ಆನ್ಸಿಬಲ್ಲಿನ ಮುಂದಿನ ಬಿಡುಗಡೆಗೆ ಕಾಯಬೇಕಿತ್ತು. 2020ರ 2.10ರಲ್ಲಿ ಮನೆ ಪಾಲಾಯಿತು: ಎಂಜಿನ್ ಒಂದು ಕಡೆ, ಮಾಡ್ಯೂಲುಗಳು ‘ಕಲೆಕ್ಷನ್’ಗಳಾಗಿ ಬೇರೆ ಬೇರೆ ಕಡೆ. ನಿರ್ಧಾರ ಸರಿಯಾದದ್ದೇ. ಆದರೆ ಪೈಥಾನಿನ ಪ್ಯಾಕೇಜು ಸಲಕರಣೆಯಾದ ‘ಪಿಪ್’ ಬಳಸುವವರು 2.9ರಿಂದ ನೇರವಾಗಿ ಮೇಲೇರುವಂತಿರಲಿಲ್ಲ. ಹಳೆಯದನ್ನು ಪೂರ್ತಿ ಕಿತ್ತುಹಾಕಿಯೇ ಹೊಸದನ್ನು ಹಾಕಬೇಕಿತ್ತು. ಸಂಖ್ಯೆಗಳೂ ಗೋಜಲಾದವು. ಎಲ್ಲವನ್ನೂ ಕಟ್ಟಿಕೊಡುವ ‘ಆನ್ಸಿಬಲ್’ ಪ್ಯಾಕೇಜು 2021ರಲ್ಲಿ 3, 4 ಎಂದು ಹಾರಿತು. ಒಳಗಿನ ಎಂಜಿನ್ ‘ಆನ್ಸಿಬಲ್-ಕೋರ್’ 2.11 ಎಂದೇ ಮುಂದುವರಿಯಿತು. ಇಂದಿಗೂ ‘ಯಾವ ಆವೃತ್ತಿ?’ ಎಂದು ಕೇಳಿದರೆ ‘ಯಾವುದರದ್ದು?’ ಎಂದು ಮರುಪ್ರಶ್ನೆ ಹಾಕಬೇಕು.

ನೋಟಿಸಿಗಿಂತ ಒಂದು ಹೆಜ್ಜೆ ಮುಂದಿನ ಉಪಾಯ, ಒಳಗೊಂದು ಸ್ವಿಚ್ ಇಡುವುದು. ಪಪೆಟ್ ತನ್ನ ಭಾಷೆಯನ್ನೇ ಬದಲಿಸಹೊರಟಾಗ ಹೊಸ ವ್ಯಾಕರಣವನ್ನು 3ನೇ ಸರಣಿಯಲ್ಲೇ ‘ಫ್ಯೂಚರ್ ಪಾರ್ಸರ್’ ಹೆಸರಿನಲ್ಲಿ ಸೇರಿಸಿತು. ಬೇಕಾದವರು ಚಾಲೂ ಮಾಡಿ ತಮ್ಮ ಕೋಡ್ ನಿಲ್ಲುತ್ತದೆಯೇ ನೋಡಿಕೊಳ್ಳಬಹುದಿತ್ತು. 2015ರ ಏಪ್ರಿಲಿನಲ್ಲಿ ಪಪೆಟ್ 4 ಬಂದಾಗ ಅದೇ ಕಾಯಂ ಆಯಿತು. 2025ರ ಆನ್ಸಿಬಲ್-ಕೋರ್ 2.19ರದು ಇದರ ತಿರುವುಮುರುವು. ‘ವೆನ್’ ಎಂಬ ಷರತ್ತಿಗೆ ಹೌದು ಅಥವಾ ಇಲ್ಲ ಎಂಬ ಉತ್ತರವೇ ಬರಬೇಕೆಂದು ಅದು ಪಟ್ಟುಹಿಡಿಯಿತು. ಪಟ್ಟಿಯನ್ನೋ ಪಠ್ಯವನ್ನೋ ಕೊಟ್ಟು ‘ಇದೆ ತಾನೆ’ ಎಂದು ಸಾಗಹಾಕುತ್ತಿದ್ದವರ ಪ್ಲೇಬುಕ್ಕುಗಳು ನಿಂತವು. ಹಳೆಯ ರೀತಿಗೆ ಮರಳಲು ಇಟ್ಟ ತಾತ್ಕಾಲಿಕ ಸ್ವಿಚ್ಚಿನ ಹೆಸರು ‘ಅಲೌ ಬ್ರೋಕನ್ ಕಂಡಿಷನಲ್ಸ್’. ಹೆಸರಿನಲ್ಲೇ ಬೈಗುಳವಿದೆ.

ಇನ್ನು ಬಳಸುವವರ ಪಾಲಿನ ಕೆಲಸ. ಆವೃತ್ತಿಯನ್ನು ಇಂಥದ್ದೇ ಎಂದು ಬರೆದು ಬಿಗಿಯಬೇಕು, ತಾನಾಗಿ ಏರಲು ಬಿಡಬಾರದು. ರೆಡ್ ಹ್ಯಾಟ್ 8 ಇಟ್ಟುಕೊಂಡವರು 2.16 ಅನ್ನು ಒಂದು ಕಂಟೇನರಿನಲ್ಲಿ ಉಳಿಸಿಕೊಂಡು, ಹೊಸ ಸರ್ವರುಗಳಿಗೆ ಹೊಸ ಆವೃತ್ತಿ ಬಳಸಬಹುದು. ಚೇಂಜ್‌ಲಾಗನ್ನು ‘ಹೊಸತೇನು’ ಎಂಬಲ್ಲಿಂದ ಓದದೆ ‘ತೆಗೆದದ್ದೇನು’ ಎಂಬಲ್ಲಿಂದ ಓದಬೇಕು. ಆನ್ಸಿಬಲ್ಲಿನ ಸೆಟ್ಟಿಂಗ್ಸ್ ಫೈಲಿನಲ್ಲಿ ಆ ನೇರಳೆ ಸಾಲುಗಳನ್ನು ಮುಚ್ಚಿಡುವ ಅನುಕೂಲವೂ ಇದೆ. ಪರದೆ ಚೊಕ್ಕಟವಾಗಿ ಕಾಣಲೆಂದು ಹಲವರು ಅದನ್ನು ಬಳಸುತ್ತಾರೆ. ನಿಮ್ಮ ಹೆಸರೂ ಗೊತ್ತಿಲ್ಲದ ತಂಡವೊಂದಕ್ಕೆ ನಿಮ್ಮನ್ನು ತಲುಪಲು ಇದ್ದ ದಾರಿ ಅದೊಂದೇ. ಅದನ್ನೂ ಮುಚ್ಚಿದ ಮೇಲೆ, ಹೇಳದೆ ಕೇಳದೆ ತೆಗೆದರು ಎಂದು ದೂರುವಂತಿಲ್ಲ.