ಬೆಳ್ಳಿತೆರೆಯ ಸಲಿಂಗಿ ಕಥೆಗಳು: ಗಡಿನಾಡಿನ ಪೋಷಕರು ತಿಳಿಯಬೇಕಾದ ಸಂಗತಿಗಳು

ಹಿಂದೂಪುರ, ಕಲ್ಯಾಣದುರ್ಗ ಭಾಗದ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಆಡುತ್ತ ಬೆಳೆಯುವವರು. ಈಗ ಮೊಬೈಲಿನ ಮೂಲಕ ಹಿಂದಿ, ಮಲಯಾಳಂ, ಮರಾಠಿ ಚಿತ್ರಗಳೂ ಅವರ ಕೈಗೆ ಬಂದಿವೆ. ಸಲಿಂಗಿಗಳ ಬದುಕನ್ನು ಗೌರವದಿಂದ ನಿರೂಪಿಸುವ ಹಲವು ಚಿತ್ರಗಳು ಇತ್ತೀಚಿನ ವರ್ಷಗಳಲ್ಲಿ ಈ ಭಾಷೆಗಳಲ್ಲಿ ತೆರೆಕಂಡಿವೆ. ಅವುಗಳನ್ನು ನೋಡಿದ ಮಗು ‘ಇದೇನು?’ ಎಂದು ಕೇಳಿದರೆ ಉತ್ತರಿಸಲು ಬೇಕಾದ ಮಾತು ಎಷ್ಟೋ ಮನೆಗಳಲ್ಲಿಲ್ಲ. ಇರುವುದು ಬೈಗುಳಗಳು ಮಾತ್ರ. ಆದ್ದರಿಂದ ಪೋಷಕರಿಗೆ ನೆರವಾಗಲೆಂದು ಈ ವಿವರಣೆ.

ಪದಗಳ ಅರ್ಥ

ತನ್ನದೇ ಲಿಂಗದವರತ್ತ ಒಲವುಳ್ಳ ಪುರುಷ ಅಥವಾ ಮಹಿಳೆಯನ್ನು ‘ಸಲಿಂಗಿ’ ಎನ್ನುತ್ತೇವೆ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬುದು ಬೇರೆ. ಹುಟ್ಟಿದಾಗ ಗುರುತಿಸಲಾದ ಲಿಂಗಕ್ಕಿಂತ ಭಿನ್ನವಾಗಿ ತಮ್ಮನ್ನು ಅರಿತವರು ಅವರು. 2015ರಲ್ಲಿ ತೆರೆಕಂಡ, ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ ಅವಳು’ ಚಿತ್ರ ಈ ಎರಡನೆಯ ಬಗೆಯದು. ಅದರ ನಟನೆಗಾಗಿ ಸಂಚಾರಿ ವಿಜಯ್ ರಾಷ್ಟ್ರಪ್ರಶಸ್ತಿ ಪಡೆದರು. ಸಲಿಂಗಿಗಳ ಕುರಿತ ಚಿತ್ರಗಳಲ್ಲಿಯಾದರೋ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಅದು ಮದುವೆಯ ಪ್ರಶ್ನೆ.

ನಾಲ್ಕು ಭಾಷೆ, ಒಂದೇ ಪ್ರಶ್ನೆ

2018ರ ತೆಲುಗು ಚಿತ್ರ ‘ಅ!’ದಲ್ಲಿ ಮಗಳೊಬ್ಬಳು ತಾನು ಬಾಳಬಯಸುವ ಸಂಗಾತಿ ಒಬ್ಬ ಹೆಣ್ಣೆಂಬುದನ್ನು ತಂದೆತಾಯಿಗೆ ತಿಳಿಸುವ ಪ್ರಸಂಗವಿದೆ. ನಿತ್ಯಾ ಮೆನನ್, ಈಶಾ ರೆಬ್ಬಾ ಅದರಲ್ಲಿ ನಟಿಸಿದ್ದಾರೆ. 2022ರ ಹಿಂದಿ ಚಿತ್ರ ‘ಬಧಾಯಿ ದೋ’ದಲ್ಲಿ ಸಲಿಂಗಿ ಪೊಲೀಸ್ ಅಧಿಕಾರಿಯೊಬ್ಬ, ಸಲಿಂಗಿಯಾದ ದೈಹಿಕ ಶಿಕ್ಷಣ ಶಿಕ್ಷಕಿಯೊಬ್ಬಳು ಮನೆಯವರ ಒತ್ತಾಯ ತಾಳಲಾರದೆ ಹೆಸರಿಗಷ್ಟೇ ಮದುವೆಯಾಗುತ್ತಾರೆ. ಕಥೆ ನಗಿಸುತ್ತಲೇ ಆ ಸುಳ್ಳಿನ ಭಾರವನ್ನೂ ಕಾಣಿಸುತ್ತದೆ.

ಇವುಗಳಲ್ಲಿ ಹೆಚ್ಚು ಗಂಭೀರವಾದುದು 2023ರ ನವೆಂಬರಿನಲ್ಲಿ ಬಂದ, ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ಕಾದಲ್: ದ ಕೋರ್’. ಪಂಚಾಯಿತಿ ಉಪಚುನಾವಣೆಗೆ ನಿಂತ ಮ್ಯಾಥ್ಯೂ ಪಾತ್ರದಲ್ಲಿ ಮಮ್ಮುಟ್ಟಿ ಇದ್ದಾರೆ. ಇಪ್ಪತ್ತು ವರ್ಷಗಳ ದಾಂಪತ್ಯದ ಬಳಿಕ, ಗಂಡ ಸಲಿಂಗಿಯೆಂಬ ಕಾರಣಕ್ಕೆ ಪತ್ನಿ ಓಮನಾ ವಿಚ್ಛೇದನ ಕೋರುತ್ತಾಳೆ. ಆ ಪಾತ್ರ ಜ್ಯೋತಿಕಾ ಅವರದು. ಮನಸ್ಸಿಲ್ಲದ ಮದುವೆಯಿಂದ ಹಾಳಾದದ್ದು ಒಂದು ಬಾಳಲ್ಲ, ಎರಡು ಎಂಬುದನ್ನು ಚಿತ್ರ ಕೂಗಾಟವಿಲ್ಲದೆ ತಿಳಿಸುತ್ತದೆ. ಕೇರಳ ರಾಜ್ಯದ ಅತ್ಯುತ್ತಮ ಚಿತ್ರ ಪ್ರಶಸ್ತಿಯೂ ಇದಕ್ಕೆ ಸಂದಿದೆ.

2025ರ ಸೆಪ್ಟೆಂಬರಿನಲ್ಲಿ ತೆರೆಕಂಡ ಮರಾಠಿ ಚಿತ್ರ ‘ಸಾಬರ್ ಬೋಂಡಾ’ ನಮ್ಮ ಸೀಮೆಗೆ ಇನ್ನೂ ಹತ್ತಿರ. ಶೀರ್ಷಿಕೆಯ ಅರ್ಥ ಪಾಪಾಸುಕಳ್ಳಿಯ ಹಣ್ಣು. ತಂದೆ ತೀರಿಕೊಂಡಾಗ ಹತ್ತು ದಿನಗಳ ಸೂತಕಕ್ಕೆಂದು ನಗರದಿಂದ ಹಳ್ಳಿಗೆ ಬಂದ ಆನಂದನಿಗೆ ‘ಮದುವೆ ಯಾವಾಗ?’ ಎಂಬ ನೆಂಟರ ಪ್ರಶ್ನೆ ತಪ್ಪುವುದಿಲ್ಲ. ಮಗನ ಮನಸ್ಸನ್ನು ಅರಿತ ತಾಯಿ ಅವನ ಬೆನ್ನಿಗಿರುತ್ತಾಳೆ. ರೈತನಾದ ಬಾಲ್ಯ ಎಂಬ ಗೆಳೆಯನೊಡನೆ ಅವನ ಸ್ನೇಹ ಮತ್ತೆ ಚಿಗುರುತ್ತದೆ. ರೋಹನ್ ಪರಶುರಾಮ್ ಕಾನವಡೆ ನಿರ್ದೇಶಿಸಿದ ಈ ಚಿತ್ರ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ವಿಶ್ವ ಚಲನಚಿತ್ರ ವಿಭಾಗದ ಮಹಾಪ್ರಶಸ್ತಿಗೆ ಪಾತ್ರವಾಯಿತು. ಸಲಿಂಗ ಪ್ರೇಮವು ಪಟ್ಟಣದವರ ಖಯಾಲಿ ಎಂಬ ಮಾತಿಗೆ ಇದಕ್ಕಿಂತ ಸಮರ್ಥ ಉತ್ತರ ಬೇಕಿಲ್ಲ.

ಇದೇ ಮದುವೆಯ ನೋವನ್ನು ಕನ್ನಡ ಸಾಹಿತ್ಯವು ಮೊದಲೇ ಬರೆದಿದೆ. 2013ರಲ್ಲಿ ಪ್ರಕಟವಾದ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನದಲ್ಲಿ ಸಂಗಾತಿ ಕಾರ್ತಿಕ್ ಹೆಣ್ಣೊಬ್ಬಳನ್ನು ಮದುವೆಯಾಗಿ ಹೋದಾಗ ಮೋಹನಸ್ವಾಮಿ ಒಂಟಿಯಾಗುತ್ತಾನೆ. ವಸುಧೇಂದ್ರ ಬಳ್ಳಾರಿ ಜಿಲ್ಲೆಯ ಸಂಡೂರಿನವರು. 1882ರವರೆಗೆ ಅನಂತಪುರವೂ ಆ ಜಿಲ್ಲೆಯದೇ ಭಾಗವಾಗಿತ್ತು. ಈ ಕಥೆಗಳು ಹಿರಿಯರಿಗಾಗಿ. ಪೋಷಕರು ಮೊದಲು ತಾವು ಓದಲಿ.

ಕಾನೂನು ಏನನ್ನುತ್ತದೆ?

ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಸಲಿಂಗ ವಿವಾಹಕ್ಕೆ ಮಾತ್ರ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪು ಆ ವಿಷಯವನ್ನು ಶಾಸಕಾಂಗಕ್ಕೆ ಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿದೆ. ಆದ್ದರಿಂದ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬುದು ಪರಿಹಾರವಲ್ಲ. ಸರಿಪಡಿಸಬೇಕಾದ ಕಾಯಿಲೆಯೇ ಅಲ್ಲಿಲ್ಲ.

ಮಕ್ಕಳೊಡನೆ ನೋಡುವ ಮುನ್ನ

ಚಿತ್ರಮಂದಿರದ ಚಿತ್ರಗಳಿಗೆ ಯು, ಎ ಪ್ರಮಾಣಪತ್ರಗಳ ಜೊತೆಗೆ ಈಗ ಯುಎ 7+, 13+, 16+ ಎಂಬ ಮೂರು ವಯೋಶ್ರೇಣಿಗಳಿವೆ. ಒಟಿಟಿ ವೇದಿಕೆಗಳೂ 2021ರ ನಿಯಮದಂತೆ ವಯೋಶ್ರೇಣಿಯನ್ನು ತೋರಿಸಬೇಕು. 13+ ಹಾಗೂ ಅದಕ್ಕೂ ಮೇಲಿನ ಶ್ರೇಣಿಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯ ನೀಡಬೇಕು. ಶ್ರೇಣಿಯನ್ನು ನೋಡಿ, ಮೊದಲು ತಾವು ವೀಕ್ಷಿಸಿ, ಪ್ರೌಢಶಾಲೆಯ ಮಕ್ಕಳ ವಯಸ್ಸಿಗೆ ಒಪ್ಪುವುದನ್ನು ಜೊತೆಯಲ್ಲಿ ಕುಳಿತು ನೋಡುವುದು ಲೇಸು.

ನಮ್ಮನ್ನು ಸರ್ಕಾರದ ಕಡತಗಳು ‘ಭಾಷಾ ಅಲ್ಪಸಂಖ್ಯಾತರು’ ಎನ್ನುತ್ತವೆ. ಸುತ್ತಲಿನವರ ಮಾತು ಒಂದು, ಮನೆಯ ಮಾತು ಇನ್ನೊಂದಾದಾಗ ಮಗು ತರಗತಿಯಲ್ಲಿ ಹೇಗೆ ಬಾಯಿ ಕಟ್ಟಿ ಕೂರುತ್ತದೆಂಬುದನ್ನು ನಾವು ಬಲ್ಲೆವು. ತನ್ನ ಮನದ ಮಾತನ್ನು ಮನೆಯಲ್ಲೂ ಆಡಲಾರದ ಮಗುವಿನ ಮೌನ ಅದಕ್ಕಿಂತ ಕಠಿಣವಾದುದು. ಅಂಥ ಮಗು ನಮ್ಮ ಮನೆಯಲ್ಲೇ ಇರಬಹುದು. ಚಿತ್ರ ನೋಡುವಾಗ ನಮ್ಮ ಬಾಯಿಂದ ಹೊರಡುವ ಮಾತನ್ನು ಅದು ಕೇಳಿಸಿಕೊಳ್ಳುತ್ತಿರುತ್ತದೆ.