ಕತ್ತರಿಯಿಲ್ಲದ ಚಿತ್ರಸಂಕಲನ

1933ರಲ್ಲಿ ಕೋಡಿ ಬಿದ್ದ ವಾಣಿವಿಲಾಸ ಸಾಗರವು ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ವಿದ್ಯಾರ್ಥಿಯೊಬ್ಬನು ಅದನ್ನು ಮೊಬೈಲಿನಲ್ಲಿ ಸೆರೆಹಿಡಿದನೆನ್ನೋಣ. ಸೆಕೆಂಡಿಗೆ 25 ಚಿತ್ರಗಳು. ಒಂದೊಂದರಲ್ಲೂ 1920×1080 ಬಿಂದುಗಳು. ಬಿಂದುವಿಗೆ 3 ಬೈಟುಗಳು. ಎಲ್ಲವನ್ನೂ ಬರೆದಿಟ್ಟರೆ ಸೆಕೆಂಡಿಗೆ ಸುಮಾರು 15.5 ಕೋಟಿ ಬೈಟುಗಳು! ಅಂತರ್ಜಾಲವು ಈ ಹೊರೆಯನ್ನು ಹೊರಬಲ್ಲುದೆ? ಆದುದರಿಂದ ಯಂತ್ರವು ಒಂದು ಚಿತ್ರವನ್ನು ಪೂರ್ಣವಾಗಿ ಬರೆದು, ಮುಂದಿನ ಹಲವು ಚಿತ್ರಗಳಲ್ಲಿ ಬದಲಾದುದನ್ನಷ್ಟೇ ಗುರುತಿಸುತ್ತದೆ. ಗುಡ್ಡವು ನಿಶ್ಚಲ, ಚಲಿಸುವುದು ನೀರು ಮಾತ್ರವಲ್ಲವೆ?

ಫಿಲ್ಮನ್ನಾದರೆ ಯಾವ ಎರಡು ಚಿತ್ರಗಳ ನಡುವೆಯೂ ಕತ್ತರಿಸಬಹುದು. ಇಲ್ಲಿ ಹಾಗೆ ಕತ್ತರಿಸಿದರೆ ಹಿಂದಿನ ಪೂರ್ಣಚಿತ್ರದ ಆಧಾರವೇ ತಪ್ಪುತ್ತದೆ. ಸಂಕಲನದ ತಂತ್ರಾಂಶವು ಆ ಭಾಗವನ್ನು ಹೊಸದಾಗಿ ಲೆಕ್ಕಹಾಕಿ ಬರೆಯಬೇಕಾಗುತ್ತದೆ. ಹೀಗೆ ಬರೆದಾಗಲೆಲ್ಲ ಸೂಕ್ಷ್ಮ ವಿವರಗಳು ಅಷ್ಟಿಷ್ಟು ಅಳಿಯುತ್ತವೆ. ಆದುದರಿಂದ, ವಿದ್ಯಾರ್ಥಿಗಳೇ, ಮೂಲಪ್ರತಿಯನ್ನು ಜೋಪಾನವಾಗಿಡಿರಿ. ಪ್ರತಿಯೊಂದು ಸಂಕಲನವನ್ನೂ ಅದರಿಂದಲೇ ಆರಂಭಿಸಿರಿ.